ಗುಬ್ಬೇವಾಡದ ಹುಡುಗ ಕಲ್ಲನ್ನೇ ಸಾಕ್ಷಿಗೆ ಕರೆದ!

ಸಿಂದಗಿ ದಾಟಿ ಕಲಬುರಗಿ ದಾರಿ ಹಿಡಿದರೆ ಸಿಗುವ ಊರು ಮೋರಟಗಿ. ಸುತ್ತ ಕಣ್ಣು ಹಾಯಿಸಿದಷ್ಟೂ ಎರೆಹೊಲ, ತೊಗರಿ, ಜೋಳ. ಈ ಸೀಮೆಯಿಂದ ಎಂಥ ಇತಿಹಾಸಕಾರ ಎದ್ದು ಬಂದ ಅಂತೀರಿ! ಇದೇ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ 1938ರ ನವೆಂಬರ್ 28ರಂದು ಹುಟ್ಟಿದ ಹುಡುಗ, ಸಿಂದಗಿ, ವಿಜಯಪುರಗಳಲ್ಲಿ ಓದಿ ಧಾರವಾಡ ಸೇರಿ, ಮುಂದೆ ಡಾ. ಎಂ. ಎಂ. ಕಲಬುರ್ಗಿ ಆದ. ಪುರಾಣ ಹೇಳಿದ್ದನ್ನು ಒಪ್ಪುವ ಮೊದಲು ಕಲ್ಲು ಏನು ಹೇಳುತ್ತದೆ ಎಂದು ಕೇಳಿದ.

ಕಲ್ಲು ಹೇಳುತ್ತದೆಯೇ? ಹೇಳುತ್ತದೆ! ಪಾಚಿ ಹಿಡಿದ ಶಾಸನವನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಅಕ್ಷರದ ಕುಳಿಯೊಳಗೆ ಕಾಗದ ಇಳಿಯುವ ಹಾಗೆ ಬ್ರಷ್‌ನಿಂದ ಬಡಿಯಬೇಕು. ಅದರ ಮೇಲೆ ಮಸಿ ಒತ್ತುತ್ತ ಹೋದಂತೆ ಹಾಳೆಯೆಲ್ಲ ಕಪ್ಪು, ಅಕ್ಷರ ಮಾತ್ರ ಬೆಳ್ಳಗೆ. ಬರಿಗಣ್ಣಿಗೆ ಕಾಣದಿದ್ದ ರಾಜನ ಹೆಸರು, ಶಕವರ್ಷ, ದಾನ ಕೊಟ್ಟ ಹೊಲದ ಎಲ್ಲೆ, ದಾನ ಕೆಡಿಸಿದವನಿಗೆ ತಟ್ಟುವ ಪಾಪ, ಎಲ್ಲ ಸಾಲುಸಾಲಾಗಿ ಎದ್ದು ಬರುತ್ತವೆ.

ಹುಕ್ಕೇರಿ ತಾಲೂಕಿನ ಅರ್ಜುನವಾಡದ ಕಲ್ಲನ್ನೇ ನೋಡಿ. ಶಕ 1182, ಅಂದರೆ ಕ್ರಿ.ಶ. 1260. ಬಸವಣ್ಣ ಲಿಂಗೈಕ್ಯನಾಗಿ ಇನ್ನೂ ನೂರು ವರ್ಷ ತುಂಬಿರಲಿಲ್ಲ. ಆ ಕಲ್ಲಿನಲ್ಲಿ ಅವನ ಊರು ಬಾಗೇವಾಡಿಯ ಹೆಸರಿದೆ, ತಂದೆ ಮಾದಿರಾಜನ ಹೆಸರಿದೆ, ಬಸವನ ಹೆಸರಿದೆ! ಭಕ್ತಿಯಿಂದ ಕೇಳಿದ ಕಥೆಯ ಕೆಳಗೆ ಗಟ್ಟಿ ನೆಲ ಸಿಕ್ಕಿತು. ಇಂಥ ಸಾಕ್ಷಿಗಳನ್ನೇ ಹುಡುಕಿ ಹೆಕ್ಕಿ ಕಲಬುರ್ಗಿ ‘ಶಾಸನಗಳಲ್ಲಿ ಶಿವಶರಣರು’ ಬರೆದರು. ಆಗ 1970.

ಮೂರೇ ವರ್ಷಕ್ಕೆ, 1973ರಲ್ಲಿ, ದೂರದ ಚೀನಾದಲ್ಲಿ ಇನ್ನೊಂದು ಬೆರಗು. ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿ ತೆರೆದರೆ, ರೇಷ್ಮೆ ಬಟ್ಟೆಯ ಮೇಲೆ ಬರೆದ, ಲಾವೋತ್ಸೆಯದೆನ್ನುವ ತಾವೋ ಪಂಥದ ಮೂಲಗ್ರಂಥ ‘ದಾವ್ ದ ಜಿಂಗ್’, ಒಂದಲ್ಲ, ಎರಡು ಪ್ರತಿ! ಅಷ್ಟೇ ಅಲ್ಲ, ಎಲ್ಲರೂ ಓದುತ್ತ ಬಂದ ಪುಸ್ತಕದ ಎರಡನೆಯ ಭಾಗವೇ ಅಲ್ಲಿ ಮೊದಲಿತ್ತು. ವಿದ್ವಾಂಸರು ದಂಗಾದರು. 1993ರಲ್ಲಿ ಗುವೊದಿಯಾನ್‌ನ ಗೋರಿಯಿಂದ ಇದೇ ಗ್ರಂಥದ ಇನ್ನೂ ಹಳೆಯ ಬಿದಿರಿನ ಪಟ್ಟಿಗಳು ಬಂದವು. ಲಾವೋತ್ಸೆ ಇರಲಿ, ಬಸವಣ್ಣ ಇರಲಿ, ನಡುವಿನ ಪ್ರತಿಕಾರರು ಕೂಡಿಸಿದ್ದೆಷ್ಟು, ಕಳೆದದ್ದೆಷ್ಟು ಎಂಬುದು ನೆಲದಡಿಯ ಹಳೆಯ ಪ್ರತಿ ಕೈಗೆ ಬಂದಾಗಲೇ ಬಯಲು.

ಬಯಲಾದದ್ದು ಎಲ್ಲರಿಗೂ ರುಚಿಸುವುದಿಲ್ಲ ಅನ್ನುವುದು ಬೇರೆ ಮಾತು. ಕಲಬುರ್ಗಿಯವರ ಸಂಶೋಧನ ಲೇಖನಗಳ ಸಂಕಲನ ‘ಮಾರ್ಗ’ದ ಮೊದಲ ಸಂಪುಟದ ಕೆಲವು ಬರಹಗಳಿಗೆ ವಿರೋಧ ಎದ್ದು, 1989ರಲ್ಲಿ ಅವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಆದರೂ ಕೈ ನಿಲ್ಲಲಿಲ್ಲ! ಸಮಗ್ರ ವಚನ ಸಂಪುಟಗಳ ಸಂಪಾದನೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿ ಹುದ್ದೆ, ‘ಮಾರ್ಗ’ಕ್ಕೇ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಕೊನೆಗಾಲಕ್ಕೆ ಮತ್ತೆ ವಿಜಯಪುರದ ಕಡೆಗೇ ಮುಖ: ಆದಿಲ್‌ಶಾಹಿ ಕಾಲದ ಪಾರಸಿ, ದಖ್ಖನಿ ಗ್ರಂಥಗಳನ್ನು ಕನ್ನಡಕ್ಕೆ ತರಿಸುವ ದೊಡ್ಡ ಯೋಜನೆ. ಶರಣರ ಬೆನ್ನು ಹತ್ತಿದವರು ಸುಲ್ತಾನರನ್ನೂ ಬಿಡಲಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಯಲ್ಲೇ ಅವರನ್ನು ಗುಂಡಿಕ್ಕಿ ಕೊಂದರು.

ಮೋರಟಗಿಯವರೇ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿಯವರೇ, ನಿಮ್ಮೂರ ಗುಡಿಯ ಮುಂದೆ, ಅಗಸಿಯ ಹತ್ತಿರ ಸೂರ್ಯ, ಚಂದ್ರ, ಲಿಂಗ, ಆಕಳು-ಕರು ಕೆತ್ತಿದ ಕಲ್ಲು ಕಂಡರೆ ಆಯಿಲ್ ಪೇಂಟ್ ಬಳಿಯಬೇಡಿ, ಬಟ್ಟೆ ಒಗೆಯಲು ಹಾಸಬೇಡಿ. ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.