ಶಿವಕಥೆಯ ಕೊನೆಯ ಸಂಪುಟ

ಮಾನಸಸರೋವರದ ತೀರದಲ್ಲಿ ಗುಣರೆಂಬ ಬುಡಕಟ್ಟಿನ ನಾಯಕನಾಗಿದ್ದ ಶಿವನು ಕ್ರಮೇಣ ಜನರ ದೃಷ್ಟಿಯಲ್ಲಿ ಮಹಾದೇವನಾಗುವ ಕಥೆಯನ್ನು ಅಮೀಶ್ ತ್ರಿಪಾಠಿಯವರು 2010ರಲ್ಲಿ ಆರಂಭಿಸಿ, 2013ರಲ್ಲಿ ಹೊರಬಂದ ‘ದಿ ಓತ್ ಆಫ್ ದಿ ವಾಯುಪುತ್ರಾಸ್’ ಎಂಬ ಮೂರನೆಯ ಇಂಗ್ಲಿಷ್ ಕಾದಂಬರಿಯಲ್ಲಿ ಸಮಾಪ್ತಿಗೊಳಿಸಿದರು. ಆಯುಷ್ಯವರ್ಧಕವಾದ ಸೋಮರಸವೇ ಲೋಕಕಂಟಕವೆಂಬುದು ಇದರ ತಿರುಳು: ಅದರ ತಯಾರಿಕೆ ಸರಸ್ವತೀನದಿಯನ್ನು ಬತ್ತಿಸುತ್ತದೆ, ಅದರ ಕಲ್ಮಷ ದೂರದ ಬ್ರಂಗದೇಶದವರನ್ನು ರೋಗಕ್ಕೆ ತುತ್ತಾಗಿಸುತ್ತದೆ, ಅದರ ಸೇವನೆಯಿಂದಲೇ ವಿಕಲಾಂಗರಾದ ನಾಗರು ಹುಟ್ಟುತ್ತಾರೆ. ಹಾಗೆ ಹುಟ್ಟಿದವರಲ್ಲಿ ಶಿವನ ಪತ್ನಿ ಸತಿಯ ಅವಳಿ ಸೋದರಿ ಕಾಳಿಯೂ ಚೊಚ್ಚಲ ಮಗ ಗಣೇಶನೂ ಸೇರಿರುವುದರಿಂದ, ಸೋಮರಸದ ಸುತ್ತ ನಡೆಯುವ ರಾಜ್ಯಗಳ ಕಲಹವು ಒಂದು ಮನೆತನದ ಗಾಯವೂ ಆಗಿಬಿಡುತ್ತದೆ.

ಪುರಾಣದ ಸತಿ ತಂದೆಯ ಯಜ್ಞಶಾಲೆಯಲ್ಲಿ ದೇಹತ್ಯಾಗ ಮಾಡಿದರೆ, ಇಲ್ಲಿಯ ಸತಿಯೋ, ತಂದೆ ದಕ್ಷನು ಅಳಿಯನಿಗೆಂದು ಸಂಧಾನದ ನೆಪದಲ್ಲಿ ಒಡ್ಡಿದ ಬಲೆಗೆ ತಾನೇ ಸಿಲುಕಿ, ಅವನ ರಾಜಧಾನಿ ದೇವಗಿರಿಯ ಹೊರಬಯಲಿನಲ್ಲಿ ಕೊಲೆಗಡುಕರೊಡನೆ ಕಡೆಯ ಉಸಿರಿನವರೆಗೂ ಕಾದಾಡಿ ಮಡಿಯುತ್ತಾಳೆ. ಶೋಕತಪ್ತನಾದ ಶಿವನು ಪಾಶುಪತಾಸ್ತ್ರದಿಂದ ಆ ನಗರವನ್ನೇ ಭಸ್ಮಮಾಡುತ್ತಾನೆ.

ಪಾತ್ರಗಳ ಮಾತು ಅತಿಯಾಗಿ ಆಧುನಿಕವೆಂಬುದೂ, ಯುದ್ಧತಂತ್ರದ ಚರ್ಚೆ ದೀರ್ಘವೆಂಬುದೂ ನಿಜ. ಆದರೂ ಪತ್ನಿಯನ್ನು ಕಳೆದುಕೊಂಡ ದೇವನ ಮನುಷ್ಯದುಃಖವನ್ನು ಇಷ್ಟು ನಿಸ್ಸಂಕೋಚವಾಗಿ ತೆರೆದಿಟ್ಟಿರುವುದರಿಂದ, ಮೂರು ಸಂಪುಟಗಳಲ್ಲಿ ಇದೇ ಹೃದಯಸ್ಪರ್ಶಿಯಾದುದೆಂದು ನನ್ನ ಅಭಿಪ್ರಾಯ.