ಅಜ್ಜಿಯ ಹೆಸರು ಯಾವ ವಹಿಯಲ್ಲಿದೆ?

ಸುಗ್ಗಿ ಮುಗಿದ ಮೇಲೆ ವಿಜಯಪುರ ಸೀಮೆಯ ಒಕ್ಕಲು ಮನೆಗಳಿಗೆ ಹೆಳವರು ಬರುತ್ತಾರೆ. ಮನೆತನದ ಬೆಡಗು, ಮೂಲ ಊರು, ಅಲ್ಲಿಂದ ಎದ್ದು ಬಂದವರು ಯಾರು ಎಂಬುದನ್ನೆಲ್ಲ ವಹಿ ನೋಡಿ ರಾಗವಾಗಿ ಹೇಳುತ್ತಾರೆ. ಕಾಳು, ಬಟ್ಟೆ, ದುಡ್ಡು ಪಡೆದು ಮುಂದಿನ ಊರಿಗೆ ಹೋಗುತ್ತಾರೆ.

ಜೋರಾಪುರ ಪೇಟೆಯ ಮನೆಯೊಂದು ತನ್ನ ಮುತ್ತಜ್ಜನನ್ನು ಹೀಗೆ ಹುಡುಕಿಕೊಳ್ಳಬಹುದು. ಮುತ್ತಜ್ಜಿಯನ್ನು ಕೇಳಿದರೆ ಎಳೆ ತುಂಡಾಗುತ್ತದೆ. ವಹಿಯ ಎಣಿಕೆ ಸಾಗುವುದು ಗಂಡುಸಂತತಿ ಹಿಡಿದು. ಸಾಲದ್ದಕ್ಕೆ, ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುವ ರೂಢಿ ನಮ್ಮ ಕಡೆ ಹಲವು ಮನೆಗಳಲ್ಲಿತ್ತು. ತಿಕೋಟಾದ ತವರಿನಲ್ಲಿ ಒಂದು ಹೆಸರು, ಪೇಟೆಯಲ್ಲಿ ಇನ್ನೊಂದು. ಸೋದರಮಾವನಿಗೇ ಕೊಟ್ಟಿದ್ದರಂತೂ ಅವಳು ಯಾರಿಗೆ ಏನಾಗಬೇಕು ಎಂಬುದೇ ಗೋಜಲು.

ಮುತ್ತಜ್ಜಿಯ ಹುಡುಕಾಟ ಬೇರೆಡೆಯೂ ಇದೆ. ಅಮೆರಿಕದಲ್ಲಿ ‘ನಮ್ಮ ಮುತ್ತಜ್ಜಿ ಚೆರೋಕಿಯವಳು’ ಎನ್ನುವ ಕುಟುಂಬಗಳು ಬಹಳ. ಅವರು ಆ ಮೂಲನಿವಾಸಿ ಜನಾಂಗದವರ ಹೆಸರುಗಳಿರುವ, 1898ರಿಂದ ಸಿದ್ಧವಾದ ಡಾವ್ಸ್ ಪಟ್ಟಿಗಳನ್ನು ತಡಕುತ್ತಾರೆ. ಚೆರೋಕಿಯರ ಏಳು ಕುಲಗಳು ತಾಯಿಯಿಂದ ಮಗುವಿಗೆ ಬರುತ್ತವೆ. ನಮ್ಮ ಬೆಡಗು ತಂದೆಯದು. ಅರಮನೆಯವರಿಗೂ ಬೇರೆ ಗತಿಯಿರಲಿಲ್ಲ: ಬಿಜಾಪುರದ ಆದಿಲಶಾಹಿ ಸ್ಥಾಪಿಸಿದ ಯೂಸುಫನ ಹೆಂಡತಿ ಬುಬೂಜಿ ಖಾನಂ ಮರಾಠಾ ಮನೆತನದವಳು. ಇತಿಹಾಸಕಾರ ಫರಿಷ್ತಾ ಅವಳ ತವರನ್ನು ಗುರುತಿಸುವುದು ಮುಕುಂದರಾಯನೆಂಬ ಸಹೋದರನ ಹೆಸರಿನಿಂದ.

ಕಾಗದಪತ್ರ ಹುಡುಕುವವರು ಹೊಲದ ಹಳೇ ಉತಾರದಿಂದ ಶುರು ಮಾಡುವುದು ಒಳ್ಳೆಯದು. ಅಲ್ಲಿ ಹೆಣ್ಣಿನ ಹೆಸರು ಏರುತ್ತಿದ್ದದ್ದು ಹೆಚ್ಚಾಗಿ ಗಂಡ ಸತ್ತಾಗ. ‘ಇಂಥವ್ವ ಗಂಡ ಇಂಥಪ್ಪ’ ಎಂದು ಬರೆಯುತ್ತಿದ್ದರು. ಮಕ್ಕಳು ಸಣ್ಣವರಿದ್ದರೆ ಅವರ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’, ಅಂದರೆ ಅಜ್ಞಾನ ಮಕ್ಕಳ ಪಾಲನೆ ಮಾಡುವವಳು, ಎಂದು ಅವಳು ಬರುತ್ತಾಳೆ. ವಾರಸಾ ನೋಂದಿಗೆ ತಾರೀಖೂ ಇರುತ್ತದೆ. ಮುತ್ತೈದೆಯಾಗಿ ಕಣ್ಣುಮುಚ್ಚಿದವಳಿಗೆ ಇಂಥ ಒಂದು ಸಾಲೂ ಸಿಕ್ಕಿರಲಿಕ್ಕಿಲ್ಲ. ಊರು ಯಾವುದನ್ನು ಭಾಗ್ಯವೆಂದಿತೋ ಅದೇ ಅವಳ ಗುರುತು ಅಳಿಸಿತು. ನನಗೆ ಈ ಹುಡುಕಾಟದಲ್ಲಿ ಅತಿ ಕಹಿಯೆನಿಸುವ ಸಂಗತಿ ಇದು.

ಇನ್ನೂ ಹಿಂದಕ್ಕೆ ಹೋದರೆ ಎಲ್ಲ ಮುಂಬೈ ಇಲಾಖೆಯ ಕಾಲದ್ದು, ಮೋಡಿ ಲಿಪಿ ಓದಬಲ್ಲವರು ಬೇಕಾಗಬಹುದು. 1885ಕ್ಕೆ ಮುಂಚೆ ಜಿಲ್ಲಾ ಕೇಂದ್ರ ಬಿಜಾಪುರವಲ್ಲ, ಕಲಾದಗಿ ಎಂಬುದೂ ನೆನಪಿರಲಿ.

ಹೆಳವರಲ್ಲಿ ಒಬ್ಬೊಬ್ಬರಿಗೆ ಇಂತಿಂಥ ಮನೆಗಳು ಎಂದು ಹಂಚಿಕೆಯಿದೆ. ಆದ್ದರಿಂದ ಗಂಡನ ಮನೆಗೆ ಬರುವ ಹೆಳವನನ್ನು ಎಷ್ಟು ಕಾಡಿದರೂ ಅಜ್ಜಿಯ ಹಿಂದಿನವರು ಸಿಗುವುದಿಲ್ಲ. ಅವಳ ತವರು ಬಬಲೇಶ್ವರದ ಕಡೆಯದಾಗಿದ್ದರೆ ಅಲ್ಲಿಯವರನ್ನೇ ‘ನಿಮ್ಮ ಹೆಳವ ಯಾವಾಗ ಬರ್ತಾನ್ರಿ?’ ಎಂದು ಕೇಳಬೇಕು. ಹೋಗುವಾಗ ಅಜ್ಜಿಯ ಅಣ್ಣತಮ್ಮಂದಿರ ಹೆಸರು ಬರೆದುಕೊಂಡು ಹೋಗಿ. ಆ ವಹಿಯಲ್ಲೂ ಹುಡುಕಬೇಕಾದದ್ದು ಅವರನ್ನೇ.