ಬೆಟ್ಟ ಹತ್ತುವ ಮುನ್ನ ಸಂಕೋಚ ಇಳಿಸಿ!

ಯೋಗ ಕ್ಲಾಸಿನಲ್ಲೋ, ಅಪಾರ್ಟ್‌ಮೆಂಟಿನ ಸಂಜೆ ಹರಟೆಯಲ್ಲೋ ಯಾರಾದರೊಬ್ಬರು ಮಾತು ತೆಗೀತಾರೆ. ‘ನಾವು ಹೆಂಗಸರೇ ಸೇರಿ ಒಂದ್ಸಲ ಟ್ರೆಕಿಂಗ್ ಹೋಗಿ ಬರೋಣ ಕಣ್ರೇ...’ ಹತ್ತು ಜನ ಹೂಂ ಅಂತಾರೆ. ದಿನ ಗೊತ್ತಾಗುತ್ತದೆ, ಟ್ರ್ಯಾಕ್ ಪ್ಯಾಂಟ್ ಖರೀದಿಯೂ ಆಗುತ್ತದೆ. ಎಲ್ಲರ ಚಿಂತೆ ಒಂದೇ: ನಮ್ಮ ಮಂಡಿ ಕೇಳುತ್ತದೆಯೇ?

ಮಂಡಿ ಹೇಗೋ ಕೇಳುತ್ತದೆ. ದಿನಕ್ಕೆ ನಲವತ್ತು ಸಲ ಬಗ್ಗಿ ಏಳುವ ಮಂಡಿ ಅದು! ಹೆಂಗಸರು ಬೆಟ್ಟದಲ್ಲಿ ಸೋಲುವುದು ಬಹುಪಾಲು ಸಂಕೋಚದಿಂದ. ಶೂ ಕಚ್ಚುತ್ತಿದೆ ಅಂತ ಹೇಳಲ್ಲ, ಸುಸ್ತಾಯಿತು ಅಂತ ಹೇಳಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ದಾರಿಯಲ್ಲಿ ಟಾಯ್ಲೆಟ್ ಇಲ್ಲ ಅಂತ ನೀರೇ ಕುಡಿಯಲ್ಲ.

ಕುದುರೆಮುಖವನ್ನೇ ತೆಗೆದುಕೊಳ್ಳಿ. ಬೆಂಗಳೂರು, ಮಂಗಳೂರಿನ ಗುಂಪುಗಳಿಗೆ ಮೊದಲು ನೆನಪಾಗುವ ಬೆಟ್ಟ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನ ವಿಸ್ತಾರ ಸುಮಾರು 600 ಚದರ ಕಿಲೋಮೀಟರ್. ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಶಿಖರದ ಎತ್ತರ ಸುಮಾರು 1,890 ಮೀಟರ್. ಹಿಮಾಲಯದಲ್ಲಿ ಆಗುವಂತೆ ಎತ್ತರಕ್ಕೇ ತಲೆ ತಿರುಗುವ ಭಯ ಇಲ್ಲಿಲ್ಲ. ಆದರೆ ದೂರ ಇದೆ. ಕಳಸದ ಹತ್ತಿರದ ಸಂಸೆ ಕಡೆಯಿಂದ ಜೀಪಿನಲ್ಲಿ ಕುಲುಕುತ್ತಾ ಮುಳ್ಳೋಡಿ ತಲುಪಿ, ಅಲ್ಲಿಂದ ಹತ್ತಿ ಇಳಿಯಲು ಸುಮಾರು 20 ಕಿಲೋಮೀಟರ್ ನಡಿಗೆ. ಒಂದಿಡೀ ಹಗಲು ಬೇಕು. (ಹೊರನಾಡು ಅಲ್ಲಿಗೆ ಹತ್ತಿರ. ‘ಅನ್ನಪೂರ್ಣೇಶ್ವರಿ ದರ್ಶನಕ್ಕೆ’ ಅಂತ ಅತ್ತೆಯವರ ಒಪ್ಪಿಗೆ ಪಡೆದರೆ ಸುಳ್ಳೇನೂ ಆಗಲ್ಲ!)

ಬೆಟ್ಟದ ಮೇಲೆ ಟೆಂಟ್ ಹಾಕೋಣ, ಬೆಂಕಿ ಹಾಕಿ ಅಂತ್ಯಾಕ್ಷರಿ ಆಡೋಣ ಅನ್ನುವ ಆಸೆ ಇದ್ದರೆ ಈಗಲೇ ಬಿಡಿ. ಇದು ಹುಲಿ, ಸಿಂಗಳೀಕಗಳಿರುವ ಕಾಡು, ಶಿಖರದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಕತ್ತಲಾಗುವ ಮೊದಲೇ ಇಳಿಯಲೇಬೇಕು. ರಾತ್ರಿ ಉಳಿಯಲು ಊರಿನ ಹೋಂಸ್ಟೇಗಳಿವೆ. ಟೆಂಟಿನಲ್ಲೇ ಮಲಗಬೇಕು ಅಂದರೆ ಅನುಮತಿ ಇರುವ ಶಿಬಿರದಲ್ಲಿ ಮಾತ್ರ.

ನೀರು ಕುಡಿಯಿರಿ ಅಂದರೆ...

ಬೆಳಗಿನ ಕಾಫಿಯ ನಂತರ ಒಂದು ಗುಟುಕೂ ಕುಡಿಯದೆ ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ಹತ್ತುವವರಿದ್ದಾರೆ. ಮೊದಲು ತಲೆನೋವು, ಆಮೇಲೆ ಮೀನಖಂಡ ಹಿಡಿದುಕೊಳ್ಳುವುದು, ಆಮೇಲೆ ಕಣ್ಣು ಕತ್ತಲೆ. ‘ನಂಗೆ ವಯಸ್ಸಾಯ್ತು, ಆಗಲ್ಲ’ ಅಂತ ಕೂತುಬಿಡುತ್ತಾರೆ. ವಯಸ್ಸಲ್ಲ ಕಣ್ರೀ, ನೀರಿಲ್ಲದ್ದು! ಕುಡಿಯದೇ, ಬಂದದ್ದನ್ನೂ ತಡೆದುಕೊಂಡರೆ ಊರಿಗೆ ಬಂದ ಮೇಲೆ ಉರಿಮೂತ್ರವೂ ಶುರುವಾಗಬಹುದು.

ಒಬ್ಬೊಬ್ಬರೂ ಎರಡರಿಂದ ಮೂರು ಲೀಟರ್ ನೀರು ಹೊತ್ತುಕೊಳ್ಳಿ. ಬಾಯಾರುವವರೆಗೆ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಬರೀ ನೀರಷ್ಟೇ ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಮನೆಯಲ್ಲೇ ಮಾಡುವುದಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಬಿಪಿ, ಸಕ್ಕರೆ ಕಾಯಿಲೆ ಇರುವವರು ಹೊರಡುವ ಮುನ್ನ ಡಾಕ್ಟರನ್ನು ಒಂದು ಮಾತು ಕೇಳಿ.

ಮತ್ತೆ ಆ ಇನ್ನೊಂದು ಸಮಸ್ಯೆ? ಅದಕ್ಕೆ ಉಪಾಯ ನಿಮ್ಮ ಮನೆಯಲ್ಲೇ ಇದೆ. ಒಂದು ಕೊಡೆ, ಒಂದು ಹಳೇ ಕಾಟನ್ ದುಪಟ್ಟಾ. ಒಬ್ಬರು ಕೊಡೆ ಬಿಚ್ಚಿ ಅಡ್ಡ ಹಿಡಿದು ಬೆನ್ನು ತಿರುಗಿಸಿ ನಿಂತರೆ ಮುಗಿಯಿತು. ಒಬ್ಬೊಬ್ಬರೇ ಮಾತ್ರ ಹೋಗಬೇಡಿ, ದಾರಿ ಕಾಣದಷ್ಟು ದೂರವೂ ಬೇಡ. ಹೊಳೆ, ತೊರೆಯಿಂದ ಕನಿಷ್ಠ ಇನ್ನೂರು ಅಡಿ ಆಚೆ ಇರಲಿ, ಕೆಳಗಿನ ಊರಿನವರು ಕುಡಿಯುವ ನೀರದು. ಬಳಸಿದ ಪೇಪರು, ಪ್ಯಾಡು ಕಾಡಿನಲ್ಲಿ ಬಿಸಾಡಬೇಡಿ, ಹೂಳಲೂ ಬೇಡಿ. ಪ್ರಾಣಿಗಳು ಕೆದಕುತ್ತವೆ. ಕಾಗದದಲ್ಲಿ ಸುತ್ತಿ, ಮುಚ್ಚಳ ಗಟ್ಟಿಯಿರುವ ಡಬ್ಬಿಯಲ್ಲಿ ಹಾಕಿ ವಾಪಸ್ ತನ್ನಿ.

ಗುಂಪಿನ ನಾಯಕಿ ಈ ಕೊಡೆ ವಿಷಯವನ್ನು ಹೊರಡುವ ಮುಂಚೆಯೇ, ಎಲ್ಲರೆದುರು, ಬಾಯಿಬಿಟ್ಟು ಹೇಳಬೇಕು. ಒಬ್ಬರು ಹೇಳಿದರೆ ಸಾಕು, ಉಳಿದವರು ನಕ್ಕು ಹಗುರಾಗುತ್ತಾರೆ. ನೀರಿನ ಬಾಟಲಿಯ ಮುಚ್ಚಳ ತೆರೆಯುವುದೇ ಆಮೇಲೆ!

ಪ್ರವಾಸದ ದಿನಕ್ಕೆ ಸರಿಯಾಗಿ ಮುಟ್ಟು ಬರುತ್ತದೆ ಅಂತ ಮುಂದೂಡುವ ಮಾತ್ರೆ ನುಂಗುವ ಅಭ್ಯಾಸ ಹಲವರಿಗಿದೆ. ಮೆಡಿಕಲ್ ಶಾಪಿನವರನ್ನು ಕೇಳಿ ತರುವ ಮಾತ್ರೆಯಲ್ಲ ಅದು. ರಕ್ತ ಹೆಪ್ಪುಗಟ್ಟಿದ ತೊಂದರೆ, ಲಿವರ್ ತೊಂದರೆ ಇದ್ದವರಿಗೆ ಅಪಾಯವಾದೀತು. ಮುಟ್ಟಿನಲ್ಲಿದ್ದರೂ ಮೈ ಸರಿಯಿದ್ದರೆ ನಡೆಯಲು ಅಡ್ಡಿಯಿಲ್ಲ.

ಹಿಂದಿರುವವರೇ ಮುಂದೆ

ಬೆಟ್ಟದಲ್ಲಿ ಗುಂಪು ಒಡೆಯುವುದು ಹೇಗೆ ಗೊತ್ತೇ? ಚುರುಕಿನವರು ಮುಂದೆ ಹೋಗಿ ಮರದ ನೆರಳಲ್ಲಿ ಕೂರುತ್ತಾರೆ. ನಿಧಾನದವರು ಏದುಸಿರು ಬಿಡುತ್ತಾ ಬಂದು ತಲುಪಿದ ಕೂಡಲೇ ‘ಹೊರಡೋಣ್ವಾ?’ ಅಂತ ಇವರು ಎದ್ದುಬಿಡುತ್ತಾರೆ. ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಇಲ್ಲ! ಅತಿ ನಿಧಾನವಾಗಿ ನಡೆಯುವವರನ್ನು ಗೈಡಿನ ಹಿಂದೆಯೇ ನಡೆಸಿ, ಬಲ್ಲವರೊಬ್ಬರು ಕೊನೆಯಲ್ಲಿರಲಿ. ಮಾತಾಡುತ್ತಾ ಹತ್ತಲು ಆಗುತ್ತಿದೆ ಅಂದರೆ ವೇಗ ಸರಿಯಿದೆ ಅಂತ ಅರ್ಥ.

ವಾಪಸ್ ತಿರುಗುವ ಗಂಟೆಯನ್ನು ಬೆಳಿಗ್ಗೆಯೇ ಗೈಡ್ ಜೊತೆ ಮಾತಾಡಿ ಗೊತ್ತು ಮಾಡಿ. ಮಧ್ಯಾಹ್ನ ಒಂದು ಅಂದರೆ ಒಂದು, ಶಿಖರ ಕಣ್ಣೆದುರೇ ಇದ್ದರೂ! ಇಳಿಜಾರಿನಲ್ಲೇ ಕಾಲು ಜಾರುವುದು ಹೆಚ್ಚು. ಒಂಟಿಮರದವರೆಗೆ ಹೋಗಿ ತಿರುಗಿದರೂ ಶೋಲಾ ಕಾಡು, ಹುಲ್ಲುಗಾವಲು ಎಲ್ಲ ಕಂಡಿರುತ್ತದೆ. ‘ನನ್ನಿಂದ ಎಲ್ಲರಿಗೂ ತಪ್ಪಿತಲ್ಲ’ ಅಂತ ಅಳುವವರು ಇದ್ದೇ ಇರುತ್ತಾರೆ. ಅದಕ್ಕೇ ಗಂಟೆಯನ್ನು ಮೊದಲೇ ಗೊತ್ತು ಮಾಡುವುದು, ದೂರು ಗಡಿಯಾರದ ಮೇಲೆ ಹೋಗಲಿ.

ಹೊಸ ಶೂ ಬೇಡ. ತಿಂಗಳು ಮೊದಲೇ ಕೊಂಡು ಅದರಲ್ಲೇ ಮೆಟ್ಟಿಲು ಹತ್ತಿ ಇಳಿದು ಪಳಗಿಸಿ. ಕಾಲಿನಲ್ಲಿ ಒಂದು ಕಡೆ ಬಿಸಿ ಅನಿಸಿದ ಕೂಡಲೇ ನಿಂತು ಪ್ಲಾಸ್ಟರ್ ಹಚ್ಚಿ. ಬೊಬ್ಬೆ ಎದ್ದ ಮೇಲೆ ಹೇಳಿ ಫಲವಿಲ್ಲ.

ಮಳೆಗಾಲದಲ್ಲಿ ಇಂಬಳದ ಕಾಟ. ಕಿರುಚಿ ಕೀಳಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶವಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸುರಿಯುತ್ತದೆ, ಗಾಬರಿ ಬೇಡ. ಸೋಪಿನಿಂದ ತೊಳೆದು ಒತ್ತಿ ಹಿಡಿಯಿರಿ. ಇಂಬಳ ಬೇಡವೇ ಬೇಡ ಅನ್ನುವವರಿಗೆ ನವೆಂಬರಿನಿಂದ ಜನವರಿ ಒಳ್ಳೆಯದು.

ಊಟಕ್ಕೆ ಚಪಾತಿ-ಚಟ್ನಿಪುಡಿ, ಹುಳಿ ಅವಲಕ್ಕಿ, ಕಡಲೆ ಮಿಠಾಯಿ ಸಾಕು. ಹತ್ತು ಜನರೂ ಹತ್ತು ಬಗೆಯ ತಿಂಡಿ ಮಾಡಿ ಹೊರುವ ಪೈಪೋಟಿ ಬೇಡ. ಹೋಂಸ್ಟೇಯಲ್ಲಿ ಅಡುಗೆಮನೆಗೆ ನುಗ್ಗಿ ‘ಸಾರಿಗೆ ಏನು ಹಾಕ್ತೀರಿ?’ ಅಂತ ಕೇಳಿ, ತಪ್ಪಿಲ್ಲ. ಸೌಟು ಮಾತ್ರ ಹಿಡಿಯಬೇಡಿ!

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿಯಿದೆ, ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಬೇಕು. ಗುರುತಿನ ಚೀಟಿ ಮರೆಯಬೇಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುವುದುಂಟು, ವಿಚಾರಿಸಿಕೊಳ್ಳಿ. ಶನಿವಾರ, ಭಾನುವಾರದ ಜಾಗಗಳಿಗೆ ಆಫೀಸಿನವರ ಪೈಪೋಟಿ ಜಾಸ್ತಿ. ಮಂಗಳವಾರ, ಬುಧವಾರ ಬೆಟ್ಟ ಖಾಲಿ ಇರುತ್ತದೆ. ಮಕ್ಕಳ ಟಿಫಿನ್ ಡಬ್ಬಿ ಎರಡು ದಿನ ಅವರಪ್ಪ ಕಟ್ಟಲಿ ಬಿಡಿ.